ಲೀಗಲ್ ಥ್ರಿಲ್ಲರ್ ಕಾದಂಬರಿಗೆ ಸಾಹಿತ್ಯದ ಗುಣ ತರುವುದು ಹೇಗೆ?

ರೂಪಕ, ಸಂಕೇತ, ಮುನ್ಸೂಚನೆ ಇವನ್ನೆಲ್ಲ ಕೋರ್ಟ್ ಕಥೆಯಲ್ಲಿ ಎಲ್ಲೆಲ್ಲಿ ಸೇರಿಸಬೇಕು ಅಂತ ಕೇಳಿದ್ದೀರಿ. ನಾನೂ ಹೀಗೇ ಪಟ್ಟಿ ಮಾಡಿಕೊಂಡು ಎರಡು ವರ್ಷ ಬರೆದೆ. ಅದರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಠಾಣೆಯ ದೃಶ್ಯ. ಹೊರಗೆ ಮಳೆ, ಕರೆಂಟಿಲ್ಲ, ಮೇಣದಬತ್ತಿ ಕರಗುತ್ತಿದೆ, ಆರೋಪಿ ಇನ್‌ಸ್ಪೆಕ್ಟರ್ ಮುಂದೆ ಅಳುತ್ತಾ ಕೊಲೆ ಒಪ್ಪಿಕೊಳ್ಳುತ್ತಾನೆ. ಆರು ಪುಟ. ಕೊನೆಯ ಅಧ್ಯಾಯದಲ್ಲಿ ಜಡ್ಜ್ ಅದನ್ನೇ ಹಿಡಿದು ಶಿಕ್ಷೆ ಕೊಡುತ್ತಾರೆ.

ಪ್ರಕಾಶಕರು ಹಸ್ತಪ್ರತಿಯನ್ನು ಪರಿಚಯದ ವಕೀಲರೊಬ್ಬರಿಗೆ ಓದಲು ಕೊಟ್ಟರು. ಅವರು ಆ ಪುಟಗಳ ಪಕ್ಕ ಪೆನ್ಸಿಲ್‌ನಲ್ಲಿ ‘25’ ಅಂತ ಬರೆದಿದ್ದರು, ಅಷ್ಟೇ. ಕಾದಂಬರಿ ವಾಪಸ್ ಬಂತು.

25 ಅಂದರೆ 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. (2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅದರಲ್ಲಿ ಇದು 23ನೇ ಸೆಕ್ಷನ್.) ಹೊಡೆದು ಬಡಿದು ಒಪ್ಪಿಸಬಾರದು ಅಂತಲೇ ಈ ನಿಯಮ. ಅವನು ಅತ್ತರೂ ಅಷ್ಟೇ, ಸಹಿ ಹಾಕಿದರೂ ಅಷ್ಟೇ. ಆದರೆ ‘ಕತ್ತಿಯನ್ನು ಬಾವಿಗೆ ಎಸೆದೆ’ ಅಂತ ಹೇಳಿ, ಆ ಮಾತಿನಿಂದಲೇ ಅಲ್ಲಿ ಕತ್ತಿ ಸಿಕ್ಕರೆ, ಸಿಕ್ಕಿದ್ದಕ್ಕೆ ಸಂಬಂಧಪಟ್ಟಷ್ಟು ಮಾತು ಮಾತ್ರ ಕೋರ್ಟಿನೊಳಗೆ ಬರುತ್ತದೆ. ‘ಅದರಿಂದಲೇ ಕೊಂದೆ’ ಅನ್ನೋದು ಹೊರಗೇ ಉಳಿಯುತ್ತದೆ. ಓದುಗನಿಗೆ ಪೂರ್ತಿ ಗೊತ್ತು, ಜಡ್ಜ್‌ಗೆ ಅರ್ಧವನ್ನಷ್ಟೇ ನೋಡುವ ಹಕ್ಕು. ಕಥೆಯ ಜೀವ ಅಲ್ಲೇ ಇತ್ತು ಅಲ್ವಾ? ನನಗದು ಕಾಣಲೇ ಇಲ್ಲ.

ಅದಕ್ಕೇ ಹೇಳ್ತೀನಿ, ಸಾಹಿತ್ಯವನ್ನು ಮೇಲಿಂದ ಸೇರಿಸುವ ಯೋಚನೆಯೇ ಸರಿಯಿಲ್ಲ. ಸೆಷನ್ಸ್ ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ಕೊಳ್ಳಿ, ಸಾಮಾನ್ಯವಾಗಿ ಯಾರೂ ತಡೆಯಲ್ಲ. ನಾನು ಹಸ್ತಪ್ರತಿ ವಾಪಸ್ ಬಂದ ಮೇಲೆ ಹೋದೆ. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ‘ನೀವು ಘಟನೆ ನೋಡೇ ಇಲ್ಲ’ ಅಂದಾಗ ಒಬ್ಬ ಹೆಂಗಸು ಸೆರಗು ಹಿಂಡಿಕೊಂಡು ‘ಅಯ್ಯೋ ಇಲ್ಲ ಸ್ವಾಮಿ, ಕಣ್ಣಾರೆ ಕಂಡಿದ್ದೀನಿ’ ಅಂದರು. ಟೈಪ್ ಆದದ್ದು ‘ನಾನು ಘಟನೆಯನ್ನು ನೋಡಿಲ್ಲ ಎಂದರೆ ಸರಿಯಲ್ಲ’. ಆ ‘ಅಯ್ಯೋ’ ಕಡತಕ್ಕೆ ಬರಲೇ ಇಲ್ಲ. ಅದು ಕಾದಂಬರಿಗೆ ಬರಬೇಕು.

ಮುನ್ಸೂಚನೆಗೂ ಮೋಡ, ಕಾಗೆ ಬೇಡ. ಪಂಚ, ಅಂದರೆ ಪೊಲೀಸರು ವಸ್ತು ವಶಪಡಿಸಿಕೊಳ್ಳುವಾಗ ಸಾಕ್ಷಿಯಾಗಿ ನಿಲ್ಲುವವನು, ಅದರ ದಾಖಲೆಯಾದ ಮಹಜರನ್ನು ಓದದೇ ಸಹಿ ಹಾಕಿದ ಅಂತ ಮೂರನೇ ಅಧ್ಯಾಯದಲ್ಲಿ ಒಂದು ಸಾಲು ಸಾಕು, ಇಪ್ಪತ್ತನೆಯದರಲ್ಲಿ ಅವನು ಕಟಕಟೆ ಹತ್ತಿ ‘ನನ್ನೆದುರು ಏನೂ ತೆಗೆದಿಲ್ಲ’ ಅಂತ ತಿರುಗಿಬೀಳಲಿ. ನಿಮ್ಮ ಕೊಲೆಗಾರ ಕತ್ತಿ ಎಲ್ಲಿಟ್ಟ, ಅದನ್ನು ತೆಗೆಯುವಾಗ ಜೊತೆಗಿದ್ದ ಇಬ್ಬರು ಪಂಚರು ಯಾರು, ಮೊದಲು ಅಷ್ಟು ಗೊತ್ತುಮಾಡಿಕೊಂಡು ಬರೆಯೋಕೆ ಶುರುಮಾಡಿ.