ಪತ್ರಿಕೆಯ ಹೆಸರನ್ನೇ ಮರೆಮಾಡುವ ಮುಖ

ಪ್ರಶ್ನೆ: ವಿದೇಶಿ ಸಂಗೀತ ಪತ್ರಿಕೆಗಳ ಮುಖಪುಟದಲ್ಲಿ ಗಾಯಕರ ತಲೆಯು ಪತ್ರಿಕೆಯ ಹೆಸರನ್ನೇ ಅರ್ಧ ಮುಚ್ಚಿರುತ್ತದೆ. ಇದರಿಂದ ಮಾರಾಟಕ್ಕೆ ಹೊಡೆತ ಬೀಳುವುದಿಲ್ಲವೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೆಸರಾದ ಪತ್ರಿಕೆಗೆ ಆ ಭಯವಿಲ್ಲ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ‘ರೋಲಿಂಗ್ ಸ್ಟೋನ್’ನ ಅಕ್ಷರವಿನ್ಯಾಸ ಎಷ್ಟು ಪರಿಚಿತವೆಂದರೆ, ನಡುವಿನ ಕೆಲವು ಅಕ್ಷರಗಳು ಮರೆಯಾದರೂ ಓದುಗರು ಅದನ್ನು ಗುರುತಿಸುತ್ತಾರೆ; ನಮ್ಮನ್ನೇ ದಿಟ್ಟಿಸುವ ಕಲಾವಿದರ ಮುಖವೇ ಕೊಳ್ಳುವವರನ್ನು ಸೆಳೆಯುತ್ತದೆ. ಆದರೆ ಅಂಗಡಿಯಲ್ಲಿ ಪತ್ರಿಕೆಗಳನ್ನು ಒತ್ತಾಗಿ ಜೋಡಿಸಿದಾಗ ಎಡ ಅಂಚಷ್ಟೇ ಕಾಣುವುದುಂಟು. ಆದ್ದರಿಂದ 2020ರಲ್ಲಿ ನಿಂತುಹೋದ ಬ್ರಿಟನ್ನಿನ ‘ಕ್ಯೂ’ ಪತ್ರಿಕೆ ಕೆಂಪು ಚೌಕದೊಳಗಿನ ತನ್ನ ಬಿಳಿ ಅಕ್ಷರವನ್ನು ಎಡ ಮೇಲ್ಮೂಲೆಯಲ್ಲಿಟ್ಟದ್ದು ಜಾಣತನವೇ ಸರಿ. ಮುಖಪುಟದ ತುಂಬ ಶೀರ್ಷಿಕೆಗಳನ್ನು ತುರುಕುವ ರೂಢಿ ಮಾತ್ರ ನನಗೆ ಹಿಡಿಸದು: 1981ರ ಜನವರಿಯಲ್ಲಿ ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಸ್ಮರಣೆಯ ಸಂಚಿಕೆಗೆ ಆನಿ ಲೀಬೊವಿಟ್ಸ್ ತೆಗೆದ ಚಿತ್ರವನ್ನು ಬಳಸಿದ ‘ರೋಲಿಂಗ್ ಸ್ಟೋನ್’, ಅದರ ಮೇಲೆ ಒಂದೇ ಒಂದು ಶೀರ್ಷಿಕೆಯನ್ನೂ ಅಚ್ಚು ಹಾಕಿರಲಿಲ್ಲ.