ದಾಸ್ತಾನು ಇಳಿಸುವ ಮೊದಲು ಡೈ ಬದಲಿಸುವ ಸಮಯವನ್ನು ಇಳಿಸಿ

ವ್ಯರ್ಥವನ್ನು ಕಳೆಯುತ್ತ ಉತ್ಪಾದಿಸುವ, ಟೊಯೋಟಾ ಮೂಲದ ಲೀನ್ ಪದ್ಧತಿಯನ್ನು ಅಳವಡಿಸಿ ಮೂರು ತಿಂಗಳಲ್ಲಿ ದಾಸ್ತಾನನ್ನು ಅರ್ಧಕ್ಕೆ ಇಳಿಸಬೇಕಾಗಿದೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಪ್ರೆಸ್ ವಿಭಾಗದ ಹೊಣೆ ಹೊತ್ತಿದ್ದಾಗ ನನಗೂ ಹೆಚ್ಚುಕಡಿಮೆ ಇದೇ ಗುರಿಯನ್ನು ಕೊಟ್ಟಿದ್ದರು, ನಾನು ದಾಸ್ತಾನಿಗೇ ಮೊದಲು ಕೈಹಾಕಿದೆ.

ನಮ್ಮ ಒಂದು ಪ್ರೆಸ್ಸಿನಲ್ಲಿ ಐದು ಬಗೆಯ ಬಿಡಿಭಾಗಗಳು ತಯಾರಾಗಿ ವೆಲ್ಡಿಂಗ್ ವಿಭಾಗಕ್ಕೆ ಹೋಗುತ್ತಿದ್ದವು. ಪ್ರತಿಯೊಂದನ್ನೂ ವಾರಕ್ಕೊಮ್ಮೆ ಒತ್ತಿ, ವಾರಕ್ಕಾಗುವಷ್ಟನ್ನು ಟ್ರೇಗಳಲ್ಲಿ ಪೇರಿಸಿಡುವುದು ರೂಢಿ. ಟೊಯೋಟಾದ ತಾಯಿಚಿ ಓನೋ ಪಟ್ಟಿ ಮಾಡಿದ ಏಳು ವ್ಯರ್ಥಗಳಲ್ಲಿ ದಾಸ್ತಾನೂ ಒಂದು ಎಂದು ತರಬೇತಿಯಲ್ಲಿ ಕೇಳಿ ಬಂದಿದ್ದ ನಾನು, ಎರಡು ದಿನದ ಬಳಕೆಗಿಂತ ಹೆಚ್ಚು ಟ್ರೇ ನಿಲ್ಲಬಾರದೆಂದು ನೆಲಕ್ಕೆ ಹಳದಿ ಗೆರೆ ಎಳೆಸಿದೆ. ಜಾಗ ಖಾಲಿಯಾಯಿತು, ನೋಡಲು ಬಂದವರೆಲ್ಲ ಮೆಚ್ಚಿದರು.

ಮಾಡಲೇಬೇಕಿದ್ದ ಲೆಕ್ಕವೊಂದನ್ನು ನಾನು ಮಾಡಿರಲಿಲ್ಲ. ಪ್ರೆಸ್ಸಿನಿಂದ ಒಂದು ಡೈ (ಬಿಡಿಭಾಗಕ್ಕೆ ಆಕಾರ ಕೊಡುವ ಅಚ್ಚು) ಇಳಿಸಿ, ಇನ್ನೊಂದನ್ನು ಕೂರಿಸಿ, ಮೊದಲ ಸರಿಯಾದ ಪೀಸ್ ಹೊರಬರಲು ಮೂರು ಗಂಟೆ ಹಿಡಿಯುತ್ತಿತ್ತು. ದಿನಕ್ಕೆ ಎರಡು ಶಿಫ್ಟ್, ವಾರಕ್ಕೆ ಆರು ದಿನ, ಒಟ್ಟು 96 ಗಂಟೆ. ಐದೂ ಡೈಗಳು ವಾರಕ್ಕೊಮ್ಮೆ ಬದಲಾದರೆ 15 ಗಂಟೆ ಕಳೆದು 81 ಉಳಿಯುತ್ತಿತ್ತು, ವೆಲ್ಡಿಂಗ್‌ಗೆ ಬೇಕಾದಷ್ಟನ್ನು ಒತ್ತಲು 60 ಗಂಟೆ ಸಾಕಾಗುತ್ತಿತ್ತು. ಎರಡೇ ದಿನದ ದಾಸ್ತಾನು ಎಂದಾಗ ಪ್ರತಿ ಡೈಯೂ ವಾರಕ್ಕೆ ಮೂರು ಸಲ ಏರಬೇಕು, ಬದಲಾವಣೆಗೇ 45 ಗಂಟೆ ಹೋಗಿ ಉಳಿಯುವುದು 51. ವಾರಕ್ಕೆ ಎರಡು ಸಲವಾಗಿದ್ದರೆ 66 ಗಂಟೆ ಉಳಿದು ಹೇಗೋ ಸಾಗುತ್ತಿತ್ತು, ಆದರೆ ಅಷ್ಟಕ್ಕೆ ನಿಲ್ಲಿಸುವ ತಿಳಿವಳಿಕೆ ನನಗಿರಲಿಲ್ಲ. ಸಾಲದೆ ಬಂದ ಆ ಒಂಬತ್ತು ಗಂಟೆಗಳನ್ನು ಮೊದಲು ಓವರ್‌ಟೈಮಿನಿಂದಲೂ ಆಮೇಲೆ ಡೈಗಳಿಗೆ ಸಾಣೆ ಹಿಡಿಯುವುದನ್ನು ಮುಂದೂಡಿಯೂ ತುಂಬಿಸಿದೆವು. ಅಂಚುಗಳಲ್ಲಿ ಬರ್ (ಲೋಹದ ಚೂಪು ಮುಳ್ಳು) ಏಳತೊಡಗಿತು, ಪೀಸುಗಳು ಅವನ್ನು ಹಿಡಿದಿಡುವ ವೆಲ್ಡಿಂಗ್ ಫಿಕ್ಸ್ಚರಿನಲ್ಲಿ ಸರಿಯಾಗಿ ಕೂರದಾದವು, ರಿಜೆಕ್ಷನ್ ಏರಿತು, ಡಿಸ್ಪ್ಯಾಚ್ ತಡವಾಯಿತು. ನಮ್ಮ ದೊಡ್ಡ ಗ್ರಾಹಕರು ಅರ್ಧದಷ್ಟು ಆರ್ಡರನ್ನು ಬೇರೆಯವರಿಗೆ ಕೊಟ್ಟರು, ಅದು ಮತ್ತೆ ನಮಗೆ ಬರಲಿಲ್ಲ.

'ಲೀನ್', ಅಂದರೆ ಕೊಬ್ಬಿಲ್ಲದ್ದು, ಎಂಬ ಮಾತೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಅದು ಟೊಯೋಟಾದವರು ಇಟ್ಟ ಹೆಸರಲ್ಲ, ಸಂಶೋಧಕ ಜಾನ್ ಕ್ರಾಫ್ಚಿಕ್ 1988ರ ಲೇಖನವೊಂದರಲ್ಲಿ ಬಳಸಿದ್ದು. ಕೇಳಿದವರು ಕೊಬ್ಬು ಕರಗಿಸುವುದೆಂದೇ ತಿಳಿದು ಕತ್ತರಿ ಹಿಡಿಯುತ್ತಾರೆ. ಆದರೆ ಟೊಯೋಟಾದ ಒಂದು 1,000 ಟನ್ ಪ್ರೆಸ್ಸಿನಲ್ಲಿ ನಾಲ್ಕು ಗಂಟೆಯ ಡೈ ಬದಲಾವಣೆಯನ್ನು ಜಪಾನಿನ ಎಂಜಿನಿಯರ್ ಶಿಗಿಯೋ ಶಿಂಗೋ 1969ರಲ್ಲಿ ಮೊದಲು ತೊಂಬತ್ತು ನಿಮಿಷಕ್ಕೂ ಬಳಿಕ ಮೂರು ನಿಮಿಷಕ್ಕೂ ತಂದಿದ್ದರು. ಬದಲಾವಣೆ ಹಗುರವಾದಷ್ಟೂ ಬ್ಯಾಚು ಚಿಕ್ಕದಾಗಬಲ್ಲದು, ದಾಸ್ತಾನು ಅದರ ಹಿಂದೆ ತಾನಾಗಿ ಇಳಿಯುತ್ತದೆ. ನಾನು ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದ್ದೆ.

ಕೊನೆಗೆ ಸ್ಟಾಪ್‌ವಾಚ್ ಹಿಡಿದು ಪ್ರೆಸ್ಸಿನ ಬಳಿ ನಿಂತಾಗ ಕಂಡದ್ದು ಇಷ್ಟು: ಬೋಲ್ಟುಗಳು ನಾಲ್ಕು ಬೇರೆ ಬೇರೆ ಉದ್ದದವು, ಸ್ಪ್ಯಾನರ್ ಪಕ್ಕದ ಪ್ರೆಸ್ಸಿನಲ್ಲಿ, ಮುಂದಿನ ಡೈ ಇನ್ನೂ ಫೋರ್ಕ್‌ಲಿಫ್ಟಿಗಾಗಿ ಕಾಯುತ್ತ ರ‍್ಯಾಕಿನಲ್ಲೇ ಇತ್ತು. ಎಲ್ಲ ಡೈಗಳ ಕೆಳಗೂ ಪಟ್ಟಿ ಕೂರಿಸಿ ಎತ್ತರವನ್ನು ಒಂದೇ ಸಮ ಮಾಡಿದರೆ ಪ್ರತಿ ಸಲ ಹೊಂದಿಸುವ ಕೆಲಸವೇ ಇರುವುದಿಲ್ಲ ಎಂದವರು ಅಲ್ಲಿನ ಆಪರೇಟರ್. ಮುಂದಿನ ಡೈಯನ್ನು ಪ್ರೆಸ್ ಓಡುತ್ತಿರುವಾಗಲೇ ತಂದಿಡತೊಡಗಿದೆವು, ಬೋಲ್ಟುಗಳೆಲ್ಲ ಒಂದೇ ಉದ್ದದವಾದವು. ಮೂರು ಗಂಟೆಯ ಬದಲಾವಣೆ ಐವತ್ತು ನಿಮಿಷಕ್ಕೆ ಇಳಿಯಿತು. ಈಗ ಪ್ರತಿ ಡೈಯನ್ನು ವಾರಕ್ಕೆ ಮೂರು ಸಲ ಬದಲಿಸಿದರೂ ತಗಲುತ್ತಿದ್ದದ್ದು ಹನ್ನೆರಡೂವರೆ ಗಂಟೆ, ಅಂದರೆ ಹಿಂದೆ ವಾರಕ್ಕೆ ಒಂದೇ ಸಲ ಬದಲಿಸಲು ತಗಲುತ್ತಿದ್ದ ಹದಿನೈದಕ್ಕಿಂತ ಕಡಿಮೆ.

ಉಳಿತಾಯದ ಹೆಸರಿನಲ್ಲಿ ಆಳುಗಳನ್ನು ಇಳಿಸುವ ಯೋಚನೆಯೂ ನಿಮ್ಮಲ್ಲಿದ್ದರೆ ಅದನ್ನು ಈಗಲೇ ಬಿಟ್ಟುಬಿಡಿ, ತಾನು ಹೇಳಿದ ಉಪಾಯದಿಂದ ತನ್ನ ಜೊತೆಯವನ ಕೆಲಸ ಹೋಗುವುದಾದರೆ ಆ ಆಪರೇಟರ್ ಬಾಯಿ ಬಿಡುತ್ತಿರಲಿಲ್ಲ. ಮೂರು ತಿಂಗಳ ಗುರಿಯನ್ನು ಸದ್ಯ ಪಕ್ಕಕ್ಕಿಡಿ. ನಿಮ್ಮ ಅತ್ಯಂತ ನಿಧಾನದ ಯಂತ್ರದ ಬಳಿ ಒಂದು ಬದಲಾವಣೆಯನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿ ಸಮಯ ಬರೆದುಕೊಳ್ಳಿ, ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳಲ್ಲಿ ಮಾಡಿ. ಅದು ಕೈಗೆ ಬರುವವರೆಗೆ ದಾಸ್ತಾನಿನ ಬಗ್ಗೆ ಮೇಲಿನವರಿಗೆ ಯಾವ ಮಾತನ್ನೂ ಕೊಡಬೇಡಿ.