ಮನೆ ಅವರದೇ ಸರಿ, ಮುಂದಿನ ನೆರೆಯ ಬಿಲ್ಲು ಯಾರದು?

(ಕುಂದಾಪುರದ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಅವರ ಮಗಳು–ಅಳಿಯ 2019ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಕೊಲ್ಲಿಯ ದಂಡೆಯ ಊರೊಂದರಲ್ಲಿ 1950ರ ದಶಕದ ಮನೆ ಕೊಂಡರು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಎರಡೂವರೆ ಅಡಿ ಉಪ್ಪುನೀರು ಒಳಗೆ ನಿಂತಿತು. ರಿಪೇರಿಗೆ ಪರ್ಮಿಟ್ ಕೇಳಿದರೆ ಅಲ್ಲಿನ ಕಟ್ಟಡ ಇಲಾಖೆ, ಖರ್ಚು ಕಟ್ಟಡದ ಬೆಲೆಯ ಅರ್ಧ ಮೀರುತ್ತದೆ, ಹಾಗಾಗಿ ಮನೆಯನ್ನು ಎತ್ತರಿಸಿ ಅಥವಾ ಕೆಡವಿ ಹೊಸದಾಗಿ ಕಟ್ಟಿ ಎಂದು ಕಾಗದ ಕೊಟ್ಟಿದೆ. "ಸ್ವಂತ ಮನೆ, ಸ್ವಂತ ದುಡ್ಡು. ಇದರಲ್ಲಿ ಸರಕಾರದ್ದೇನು ಕಾರುಬಾರು? ಕಿಟಕಿ ಬದಲಿಸಲಿಕ್ಕೂ ಪರ್ಮಿಟ್ಟಂತೆ! ಸದ್ದಿಲ್ಲದೆ ಮಾಡಿಸಿ ಮುಗಿಸಿ ಅಂತ ಅಳಿಯನಿಗೆ ಹೇಳಿದ್ದೇನೆ. ನೀವೇನು ಹೇಳುತ್ತೀರಿ?" ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ದಯವಿಟ್ಟು ಇವತ್ತೇ ಅಳಿಯಂದಿರಿಗೆ ಫೋನ್ ಮಾಡಿ, ಆ ಸಲಹೆಯನ್ನು ವಾಪಸು ತೆಗೆದುಕೊಳ್ಳಿ. ಕಾರಣ ಆಮೇಲೆ ಹೇಳುತ್ತೇನೆ. ಬ್ಯಾಂಕಿನಲ್ಲಿದ್ದವರು ನೀವು, ಮೊದಲು ಲೆಕ್ಕಕ್ಕೆ ಬರೋಣ.

"5,20,000 ಡಾಲರ್ ಕೊಟ್ಟು ಕೊಂಡ ಮನೆಗೆ 1,40,000 ಡಾಲರಿನ ರಿಪೇರಿ ಅರ್ಧ ಹೇಗಾಯಿತು?" ಎಂದು ಕೇಳಿದ್ದೀರಿ. ಆಗುತ್ತದೆ. ನಿಯಮ ನೋಡುವುದು ಕಟ್ಟಡದ ಬೆಲೆಯನ್ನು ಮಾತ್ರ, ಜಾಗದ ಬೆಲೆಯನ್ನಲ್ಲ. ಕಡಲ ಪಕ್ಕದ ಆ ಬೀದಿಗಳಲ್ಲಿ ಕೊಟ್ಟ ದುಡ್ಡಿನ ದೊಡ್ಡ ಪಾಲು ಮಣ್ಣಿಗೆ ಹೋಗಿರುತ್ತದೆ. ನೀವೇ ಲಗತ್ತಿಸಿದ ಕಾಗದದಲ್ಲಿ ನೆರೆಗೆ ಮುಂಚಿನ ಕಟ್ಟಡದ ಬೆಲೆ 1,90,000 ಡಾಲರ್ ಎಂದಿದೆ. ಅದರ ಅರ್ಧ 95,000. ಅಂದಾಜು ಪಟ್ಟಿ ಅದನ್ನು ಎಂದೋ ದಾಟಿದೆ.

ಅಳಿಯ ತಾನೇ ಕೈಯಾರೆ ಮಾಡಿಕೊಳ್ಳುತ್ತೇನೆಂದರೂ ಒಪ್ಪಲಿಲ್ಲ ಎಂದು ಬರೆದಿದ್ದೀರಿ. ಇಲಾಖೆ ಬೇಡವೆಂದಿರಲಿಕ್ಕಿಲ್ಲ. ಫ್ಲಾರಿಡಾದಲ್ಲಿ ಮನೆಯ ಮಾಲೀಕರೇ ತಮ್ಮ ಹೆಸರಿನಲ್ಲಿ ಪರ್ಮಿಟ್ ತೆಗೆದು ಕೆಲಸ ಮಾಡಬಹುದು. ಕೆಲಸ ಮುಗಿದ ಮೇಲೆ ಒಂದು ವರ್ಷ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಅಷ್ಟೇ. ಆದರೆ ಲೆಕ್ಕಕ್ಕೆ ಬಂದಾಗ ಸ್ವಂತ ದುಡಿಮೆಗೂ ಮಾರುಕಟ್ಟೆಯ ಕೂಲಿ ಹಾಕುತ್ತಾರೆ. ಗೆಳೆಯ ಪುಕ್ಕಟೆ ಕೊಟ್ಟ ಟೈಲಿಗೂ ಅಂಗಡಿಯ ದರವೇ. ಕ್ರೂರ ಅನ್ನಿಸುತ್ತದೆ, ನನಗೂ ಅನ್ನಿಸಿತು. ಆದರೆ ಈ ನಿಯಮ ಅಳೆಯುವುದು ಮನೆಗೆ ಎಷ್ಟು ಹಾನಿಯಾಗಿದೆ ಎಂಬುದನ್ನು. ಯಾರ ಜೇಬಿನಿಂದ ಎಷ್ಟು ಹೋಯಿತು ಎಂಬುದನ್ನಲ್ಲ.

ಇದೇ ಲೆಕ್ಕದಲ್ಲಿ ನಿಮ್ಮ ಕಡೆಗೆ ವಾಲುವ ಸಂಗತಿಗಳೂ ಇವೆ. ಕಟ್ಟಡದ ಬೆಲೆಗೆ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ತೆರಿಗೆ ದಾಖಲೆಯೇ ಕೊನೆಯ ಮಾತಲ್ಲ. ಪರವಾನಗಿಯುಳ್ಳ ಖಾಸಗಿ ಮೌಲ್ಯಮಾಪಕರಿಂದ, ನೆರೆಗೆ ಮುಂಚೆ ಕಟ್ಟಡ ಹೇಗಿತ್ತೋ ಆ ಸ್ಥಿತಿಯ ಬೆಲೆ ಕಟ್ಟಿಸಿ ಸಲ್ಲಿಸಬಹುದು. ಅಡುಗೆಮನೆ ನವೀಕರಿಸಿದ್ದರೆ ಅದೂ ಸೇರುತ್ತದೆ. ಖರ್ಚಿನ ಕಡೆ, ಕಸ–ಕೊಳೆ ಹೊರಹಾಕಿದ್ದು, ನಕ್ಷೆಯ ಶುಲ್ಕ, ಪರ್ಮಿಟ್ ಶುಲ್ಕ, ಬೇಲಿ, ಹೊರಗಿನ ಹೂದೋಟ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ ಕಟ್ಟಡದ ಬೆಲೆ 2,40,000ಕ್ಕೆ ಏರಿ, ಪಟ್ಟಿಯಿಂದ 22,000 ಕಳೆದರೆ, 1,20,000ದ ಮಿತಿಯೊಳಗೆ 1,18,000 ಕೂತುಬಿಡುತ್ತದೆ. ಕಾನೂನಿನ ಪ್ರಕಾರವೇ.

ಕೂತರೆ ಗೆದ್ದಂತೆಯೇ? ಅನುಮಾನ. ಮನೆ ಅದೇ ಮಟ್ಟದಲ್ಲಿ ಇರುತ್ತದೆ, ಕೊಲ್ಲಿಯೂ ಅಲ್ಲೇ ಇರುತ್ತದೆ. ಹೆಲೀನ್ ದಡಕ್ಕೆ ಬಡಿದದ್ದು ನಿಮ್ಮ ಮಗಳ ಊರಿಗಲ್ಲ. ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ, ಪೆರಿ ಎಂಬ ಊರಿನ ಹತ್ತಿರ. ದೂರದಲ್ಲಿ ಹಾದುಹೋದ ಗಾಳಿಯೇ ಆರಡಿಗೂ ಮೀರಿ ನೀರು ಉಬ್ಬಿಸಿತು. ಹದಿಮೂರೇ ದಿನಕ್ಕೆ ಮಿಲ್ಟನ್ ಬಂತು. ಅದು ಸ್ವಲ್ಪ ದಕ್ಷಿಣಕ್ಕೆ ಸಿಯೆಸ್ಟಾ ಕೀಯಲ್ಲಿ ದಡ ಹತ್ತಿತು.

ಈಗ ಸರಕಾರದ ಕಾರುಬಾರಿನ ಪ್ರಶ್ನೆ. ನೆರೆಗೆ ವಿಮೆ ಮಾಡುವುದು ಆಗ ಖಾಸಗಿ ಕಂಪನಿಗಳಿಗೆ ಗಿಟ್ಟದ ವ್ಯಾಪಾರವಾಗಿತ್ತು. ಹಾಗಾಗಿ 1968ರಲ್ಲಿ ಅಮೆರಿಕದ ಕೇಂದ್ರ ಸರಕಾರವೇ ರಾಷ್ಟ್ರೀಯ ನೆರೆ ವಿಮಾ ಯೋಜನೆ ಆರಂಭಿಸಿತು. ಒಪ್ಪಂದ ಸರಳ: ನಿಮ್ಮೂರಿನವರಿಗೆ ವಿಮೆ ಸಿಗಬೇಕೇ, ಹಾಗಾದರೆ ನೆರೆ ಬರುವ ಜಾಗದಲ್ಲಿ ಕಟ್ಟುವುದಕ್ಕೆ ನಾವು ಹೇಳಿದ ಕನಿಷ್ಠ ನಿಯಮಗಳನ್ನು ನಿಮ್ಮೂರು ಜಾರಿ ಮಾಡಬೇಕು. ಈ 'ಅರ್ಧದ ನಿಯಮ' ಅದರಲ್ಲೊಂದು. ಹಳೆಯ ಮನೆಗಳನ್ನು ಒಂದೇ ಸಲಕ್ಕೆ ಎತ್ತರಿಸಿ ಎನ್ನಲಾಗದು, ದೊಡ್ಡ ರಿಪೇರಿ ಬಂದಾಗಲಾದರೂ ಎತ್ತರಿಸಲಿ ಎಂಬುದು ಲೆಕ್ಕಾಚಾರ. ಒಂದು ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್ ಕೊಡುವ ಈ ಯೋಜನೆ ತನ್ನ ಕಾಲ ಮೇಲೆ ನಿಲ್ಲಲಾಗದೆ ಸಾಲಕ್ಕೆ ಬಿತ್ತು. 2017ರಲ್ಲಿ ಅಲ್ಲಿನ ಸಂಸತ್ತು ಅದರ 1,600 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಬೇಕಾಯಿತು. ಮತ್ತೆ ಮತ್ತೆ ಮುಳುಗುವ ಮನೆಗೆ ಮತ್ತೆ ಮತ್ತೆ ಸಾಲ ಕೊಡುವ ಶಾಖೆಯ ಮ್ಯಾನೇಜರನ್ನು ನಿಮ್ಮ ಬ್ಯಾಂಕು ಎಷ್ಟು ದಿನ ಆ ಕುರ್ಚಿಯಲ್ಲಿ ಬಿಡುತ್ತಿತ್ತು?

ಸದ್ದಿಲ್ಲದೆ ಮುಗಿಸುವ ಉಪಾಯಕ್ಕೆ ಬಂದೆ. 2022ರ ಸೆಪ್ಟೆಂಬರಿನಲ್ಲಿ ಇಯನ್ ಚಂಡಮಾರುತ ಫ್ಲಾರಿಡಾದ ಲೀ ಕೌಂಟಿಯನ್ನು ಹಣ್ಣುಗಾಯಿ ಮಾಡಿತು. ಅಲ್ಲಿ ತುಂಬಾ ಜನ ನಿಮ್ಮ ಸಲಹೆಯನ್ನೇ ಪಾಲಿಸಿದರು, ಪರ್ಮಿಟ್ ಇಲ್ಲದೆ ಗೋಡೆ ಮುಚ್ಚಿ ಬಣ್ಣ ಹೊಡೆದರು. 2024ರ ಮಾರ್ಚ್‌ನಲ್ಲಿ ಕೇಂದ್ರದ ವಿಪತ್ತು ಸಂಸ್ಥೆ ಫೀಮಾ, ಪರ್ಮಿಟ್ ಇಲ್ಲದ ಕೆಲಸ ವಿಪರೀತ, ದಾಖಲೆಯೂ ಸಾಲದು ಎಂದು ಹೇಳಿ, ಕೌಂಟಿಗೂ ಕೇಪ್ ಕೋರಲ್‌ನಂಥ ಊರುಗಳಿಗೂ ವಿಮೆಯ ಕಂತಿನಲ್ಲಿ ಸಿಗುತ್ತಿದ್ದ ಶೇಕಡಾ 25ರ ರಿಯಾಯಿತಿಯನ್ನು ಕಿತ್ತುಕೊಳ್ಳುವುದಾಗಿ ಘೋಷಿಸಿತು. ಕೆಲವರು ಮಾಡಿದ್ದಕ್ಕೆ ಇಡೀ ಊರಿನ ಕಂತು ಏರುವ ಪರಿಸ್ಥಿತಿ. ಊರುಗಳು ಓಡಾಡಿ ದಾಖಲೆ ಒಪ್ಪಿಸಿದ ಮೇಲೆ ಜುಲೈ ಹೊತ್ತಿಗೆ ಹೆಚ್ಚಿನವುಗಳ ರಿಯಾಯಿತಿ ಉಳಿಯಿತು. ಆದರೆ ಅಂದಿನಿಂದ ಕಟ್ಟಡ ಇಲಾಖೆಗಳ ಕಣ್ಣು ಬಿಗಿಯಾಗಿದೆ. ಕದ್ದು ಮಾಡಿಸಿದ ಕೆಲಸ ಮಾರುವಾಗ ಹೇಗೂ ಹೊರಬೀಳುತ್ತದೆ, ವಿಮೆ ಕೇಳುವಾಗಲೂ ಬೀಳಬಹುದು. ಚಂಡಮಾರುತದ ತುರ್ತು ಪರಿಸ್ಥಿತಿಯಲ್ಲಿ ಲೈಸೆನ್ಸ್ ಇಲ್ಲದೆ ಗುತ್ತಿಗೆ ಕೆಲಸ ಹಿಡಿಯುವುದು ಅಲ್ಲಿ ಜೈಲಿಗೆ ಹೋಗುವಂಥ ಅಪರಾಧ; ವಾರಾಂತ್ಯದಲ್ಲಿ ಬಂದು ಮಾಡಿಕೊಡುತ್ತಾನೆಂದು ನೀವು ಬರೆದ ಆ 'ಪರಿಚಯದ ಹುಡುಗ'ನಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ಕಿಟಕಿಗೂ ಪರ್ಮಿಟ್ಟೇ ಎಂದು ನಕ್ಕಿದ್ದೀರಿ. ಇದರ ಬೇರು 1992ರ ಆಗಸ್ಟ್ 24ರಲ್ಲಿದೆ. ಅಂದು ಬೆಳಗಿನ ಜಾವ ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಹೋಮ್‌ಸ್ಟೆಡ್ ಸುತ್ತಮುತ್ತ ಸಾವಿರಾರು ಮನೆಗಳ ಮಾಡು ಹಾರಿಸಿತು. ತಮಾಷೆಯೆಂದರೆ ದಕ್ಷಿಣ ಫ್ಲಾರಿಡಾದ ಕಟ್ಟಡ ಸಂಹಿತೆ ಆಗಲೇ ಇಡೀ ದೇಶದಲ್ಲಿ ಬಿಗಿ ಎಂದು ಹೆಸರು ಮಾಡಿತ್ತು. ಮಾಡಿನ ಹಲಗೆಗೆ ಮೊಳೆಯ ಬದಲು ಸ್ಟೇಪಲ್ ಪಿನ್ನು ಹೊಡೆದಿದ್ದರು, ಅದೂ ಎಷ್ಟೋ ಕಡೆ ಕೆಳಗಿನ ಮರಕ್ಕೆ ತಾಗದೆ ಗಾಳಿಯಲ್ಲಿ ನೇತಾಡುತ್ತಿತ್ತು. ನಮ್ಮ ಕಡೆ ಪಕಾಸಿಗೆ ತಾಗದ ರೀಪಿನ ಮೊಳೆಯನ್ನು ಮೇಸ್ತ್ರಿ ಕೆಳಗೆ ನಿಂತೇ ಗುರುತಿಸುತ್ತಾನೆ. ಅಲ್ಲಿ ಮೇಲೆ ಹತ್ತಿ ನೋಡಬೇಕಾದ ಇನ್‌ಸ್ಪೆಕ್ಟರುಗಳೇ ಸರಿಯಾಗಿ ನೋಡಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಮಯಾಮಿ ಇರುವ ಡೇಡ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ, ಅಂದರೆ ನಾಗರಿಕರ ತನಿಖಾ ಮಂಡಳಿ, ತಪಾಸಣಾ ವ್ಯವಸ್ಥೆಯನ್ನು ನೇರವಾಗಿಯೇ ದೂರಿತು.

ಕಿಟಕಿ ಒಡೆದರೆ ಮಳೆ ಒಳಬರುವುದು ಸಣ್ಣ ಮಾತು. ಗಾಳಿ ಒಳನುಗ್ಗಿ ಮಾಡನ್ನು ಕೆಳಗಿನಿಂದ ನೂಕುತ್ತದೆ, ಮೇಲಿನ ಗಾಳಿ ಅದೇ ಹೊತ್ತಿಗೆ ಹೀರುತ್ತದೆ. ಎರಡೂ ಸೇರಿದರೆ ಮಾಡು ನಿಲ್ಲುವುದಿಲ್ಲ. ಹೀಗಾಗಿ 1994ರಿಂದ ಅಲ್ಲೊಂದು ಪರೀಕ್ಷೆ ಬಂತು. 9 ಪೌಂಡು, ಅಂದರೆ ನಾಲ್ಕು ಕಿಲೋ ಚಿಲ್ಲರೆ ತೂಕದ ಮರದ ರೀಪನ್ನು ಗಾಳಿಯ ಫಿರಂಗಿಯಲ್ಲಿಟ್ಟು ಸೆಕೆಂಡಿಗೆ 50 ಅಡಿ ವೇಗದಲ್ಲಿ ಕಿಟಕಿಗೆ ಹೊಡೆಯುತ್ತಾರೆ. ಒಂದು ಏಟು ನಡುವಿಗೆ, ಇನ್ನೊಂದು ಮೂಲೆಗೆ. ಆಮೇಲೆ ಏಟು ತಿಂದ ಅದೇ ಕಿಟಕಿಯನ್ನು 9,000 ಸಲ ಒಳಕ್ಕೂ ಹೊರಕ್ಕೂ ಒತ್ತುತ್ತಾರೆ. ಗಾಜು ಬಿರುಕು ಬಿಡಬಹುದು, ಬಾಯ್ತೆರೆಯಬಾರದು. ಇದು ಮಯಾಮಿ–ಡೇಡ್ ಮತ್ತು ಬ್ರೋವಾರ್ಡ್ ಕೌಂಟಿಗಳ ಪಟ್ಟು. ನಿಮ್ಮ ಮಗಳ ಕಡೆ ಅಷ್ಟು ಬಿಗಿಯಿಲ್ಲ, ಆದರೂ ಕಡಲತೀರದ ಹೊಸ ಮನೆಯ ಕಿಟಕಿಗೆ ಏಟು ತಡೆಯುವ ಗಾಜು ಅಥವಾ ಶಟರ್ ಬೇಕು. ಇಂಥ ಕಿಟಕಿಯನ್ನು ಗಿಡ್ಡ ಸ್ಕ್ರೂ ಹಾಕಿ ಕೂರಿಸಿದರೆ ಚೌಕಟ್ಟಿನ ಸಮೇತ ಕಿತ್ತು ಬರುತ್ತದೆ. ಪ್ಲಾಸ್ಟರು ಬೀಳುವ ಮುಂಚೆ ಸ್ಕ್ರೂ ಎಷ್ಟು ಉದ್ದ, ಎಷ್ಟು ಅಂತರಕ್ಕೊಂದು ಎಂದು ಇನ್‌ಸ್ಪೆಕ್ಟರ್ ನೋಡಲಿ ಎಂಬುದಕ್ಕೇ ಆ ಪರ್ಮಿಟ್.

2002ರ ಮಾರ್ಚ್ 1ರಿಂದ ಫ್ಲಾರಿಡಾ ಪೂರ್ತಿ ಒಂದೇ ಸಂಹಿತೆ. ಅದಕ್ಕೆ ಮುಂಚೆ ಊರೂರಿಗೆ ಬೇರೆ, ಒಟ್ಟು ನಾನೂರಕ್ಕೂ ಮೀರಿ ಇದ್ದವು. ಉತ್ತರದ ಪ್ಯಾನ್‌ಹ್ಯಾಂಡಲ್ ಭಾಗಕ್ಕೆ ಮಾತ್ರ ರಿಯಾಯಿತಿ ಕೊಟ್ಟರು: ಏಟು ತಡೆಯುವ ಕಿಟಕಿ ಕಡಲಿನಿಂದ ಒಂದು ಮೈಲಿಯೊಳಗೆ ಇದ್ದರೆ ಸಾಕು. ಮನೆ ಕಟ್ಟುವ ಕಂಪನಿಗಳಿಗೆ ಖುಷಿಯಾಯಿತು. ಕೆಲವೇ ವರ್ಷಕ್ಕೆ ಆ ವಿನಾಯಿತಿ ಹೋದರೂ ಅಷ್ಟರಲ್ಲಿ ಕಟ್ಟಿದ್ದು ಕಟ್ಟಿಯಾಗಿತ್ತು. 2018ರ ಅಕ್ಟೋಬರಿನಲ್ಲಿ ಮೈಕೇಲ್ ಬಂದದ್ದು ಅದೇ ಸೀಮೆಗೆ. ಮೆಕ್ಸಿಕೋ ಬೀಚ್ ಎಂಬ ಊರಿನಲ್ಲಿ ನೆಲಮಟ್ಟದ ಹಳೆಯ ಮನೆಗಳ ಸಾಲುಸಾಲೇ ಅಳಿಸಿಹೋಗಿ, ಆಳದ ಕಂಬಗಳ ಮೇಲೆ ನಿಂತಿದ್ದ ಹೊಸ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದ ಚಿತ್ರಗಳನ್ನು ನೀವೂ ನೋಡಿರಬಹುದು.

ಇಷ್ಟು ಹೇಳಿ ನಿಯಮದ ವಕಾಲತ್ತು ಮುಗಿಸಿದರೆ ನಿಮ್ಮ ಮಗಳಿಗೆ ಅನ್ಯಾಯ. ಕಾಂಕ್ರೀಟ್ ನೆಲದ ಮನೆ ಎತ್ತುವುದು ಹುಡುಗಾಟವಲ್ಲ. ನೆಲದಡಿ ಸುರಂಗದ ಹಾಗೆ ತೋಡಿ, ಉಕ್ಕಿನ ತೊಲೆ ನುಗ್ಗಿಸಿ, ಹತ್ತಾರು ಜ್ಯಾಕ್‌ಗಳನ್ನು ಒಟ್ಟಿಗೆ ಇಂಚಿಂಚೇ ಏರಿಸುತ್ತಾರೆ. ಏರಿದ ಹಾಗೆ ಕೆಳಗೆ ಮರದ ದಿಮ್ಮಿಗಳನ್ನು ಅಡ್ಡ–ಉದ್ದ ಪೇರಿಸುತ್ತ ಹೋಗುತ್ತಾರೆ. ಕೊನೆಗೆ ಅಡಿಯಲ್ಲಿ ಹೊಸ ಗೋಡೆ, ಅದರಲ್ಲಿ ನೀರು ಬಂದು ಹೋಗಲಿಕ್ಕೆ ಕಿಂಡಿಗಳು. ಪ್ರತಿ ಚದರಡಿ ಜಾಗಕ್ಕೆ ಒಂದು ಚದರ ಇಂಚು ಕಿಂಡಿ ಎಂಬುದು ಲೆಕ್ಕ. ಖರ್ಚು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಅಷ್ಟು ಹಾಕಲಾಗದ ಮುದುಕರು, ಮೇಷ್ಟರು, ನರ್ಸುಗಳು ಜಾಗವನ್ನೇ ಮಾರಿ ಹೋಗುತ್ತಾರೆ. ಕೊಂಡವನು ಹಳೆಯದನ್ನು ಕೆಡವಿ ಮೂರಂತಸ್ತು ಎಬ್ಬಿಸುತ್ತಾನೆ. ನಿಯಮದಿಂದ ಊರು ಗಟ್ಟಿಯಾಗುತ್ತಿದೆ, ಹಳೆಯ ಊರಿನವರು ಮಾತ್ರ ಅಲ್ಲಿ ಉಳಿಯುತ್ತಿಲ್ಲ. ಇದಕ್ಕೆ ಫ್ಲಾರಿಡಾದವರ ಬಳಿ ಸಮರ್ಪಕ ಉತ್ತರ ಇದ್ದಂತೆ ನನಗೆ ಕಾಣುವುದಿಲ್ಲ.

ನಿಮ್ಮ ಸಿಟ್ಟಿಗೆ ಸರಿಯಾದ ಗುರಿಯೂ ಒಂದಿದೆ. 2019ರಲ್ಲಿ ಮನೆ ಮಾರಿದವರು "ಇಲ್ಲಿ ಹಿಂದೆ ನೆರೆ ಬಂದು ವಿಮೆ ಪಡೆದಿದ್ದೇವೆ" ಎಂದು ಬರೆದುಕೊಡಬೇಕೆಂಬ ಕಾಯ್ದೆಯೇ ಆಗ ಫ್ಲಾರಿಡಾದಲ್ಲಿ ಇರಲಿಲ್ಲ. ಅಂಥ ಕಾಯ್ದೆ ಜಾರಿಯಾದದ್ದು 2024ರ ಅಕ್ಟೋಬರ್ 1ರಂದು, ಹೆಲೀನ್ ಬಡಿದ ಐದು ದಿನಕ್ಕೆ. ಪರ್ಮಿಟ್ ಕೇಳುವ ಗುಮಾಸ್ತನಿಗಿಂತ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಮನೆ ಮಾರಲು ಬಿಟ್ಟ ಶಾಸಕರ ಮೇಲೆ ಕೂಗಾಡಿ, ನಾನೂ ದನಿಗೂಡಿಸುತ್ತೇನೆ.

"ಇಲ್ಲಿ ಸಿಆರ್‌ಝಡ್ ಅಂತ ಕಾಡುವ ಹಾಗೇ" ಎಂದು ಒಂದೇ ಸಾಲಿನಲ್ಲಿ ಹೋಲಿಸಿದ್ದೀರಿ. ಅದೂ ಇದೂ ಒಂದಲ್ಲ. 1991ರಿಂದ ಇರುವ ನಮ್ಮ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಮುಖ್ಯವಾಗಿ ಕಡಲಿನಿಂದ ಎಷ್ಟು ದೂರದಲ್ಲಿ ಕಟ್ಟಬಹುದು ಎಂದು ಹೇಳುತ್ತದೆ. ಮಾಡಿಗೆ ಎಂಥ ಮೊಳೆ, ಯಾವ ಕಿಟಕಿ ಎಂದು ಕೇಳುವುದಿಲ್ಲ. ಚಂಡಮಾರುತ ತಡೆಯುವ ಸಣ್ಣ ಮನೆಗಳಿಗೆ ಭಾರತೀಯ ಮಾನಕ 15498 ಎಂಬ ಮಾರ್ಗಸೂಚಿ 2004ರಿಂದ ಇದೆ. 2021ರ ಮೇ ತಿಂಗಳ ತೌಕ್ತೆ ನಿಮ್ಮ ಕರಾವಳಿಯಲ್ಲೇ ಮಾಡು ಹಾರಿಸಿದ ಮೇಲೂ, ಮನೆ ಕಟ್ಟುವಾಗ ಅದನ್ನು ತೆರೆದು ನೋಡಿದ ಮೇಸ್ತ್ರಿ ನಿಮಗೆ ಸಿಕ್ಕರೆ ನಮಗೂ ಪರಿಚಯಿಸಿ.

ಇನ್ನು ಮಗಳಿಗೆ. ಮನೆ ಎತ್ತರಿಸಬೇಕೆಂದು ಇಲಾಖೆ ಕೊಟ್ಟ ಆ ಕಾಗದವನ್ನು ಸಿಟ್ಟಿನಲ್ಲಿ ಹರಿದು ಹಾಕಲು ಬಿಡಬೇಡಿ. ಅವರಿಗೆ ನೆರೆ ವಿಮೆ ಇತ್ತೆಂದು ಬರೆದಿದ್ದೀರಿ. ಅದೇ ಪಾಲಿಸಿಯಲ್ಲಿ, ನಿಯಮಕ್ಕೆ ತಕ್ಕಂತೆ ಮನೆ ಎತ್ತರಿಸುವ ಖರ್ಚಿಗೆಂದು 30,000 ಡಾಲರ್‌ವರೆಗೆ ಬೇರೆಯಾಗಿ ಸಿಗುತ್ತದೆ. ಅದನ್ನು ಕೇಳಲು ಬೇಕಾದ ದಾಖಲೆ ಈ ಕಾಗದವೇ. ಆದರೆ ಖಾಸಗಿ ಮೌಲ್ಯಮಾಪನ ತಂದು ಅರ್ಧದೊಳಗೆ ನುಸುಳಿದರೆ ಈ ಹಣದ ದಾರಿ ಮುಚ್ಚುತ್ತದೆ. ಆದ್ದರಿಂದ ಎತ್ತುವ ಗುತ್ತಿಗೆದಾರರಿಂದ ಒಂದು ಅಂದಾಜು, ಸರ್ವೆಯವರಿಂದ ನೆಲದ ಈಗಿನ ಮಟ್ಟದ ಪ್ರಮಾಣಪತ್ರ, ಎರಡನ್ನೂ ಕೈಯಲ್ಲಿ ಹಿಡಿದು, ಆಮೇಲೆ ಯಾವ ದಾರಿ ಎಂದು ಗಂಡ–ಹೆಂಡತಿ ಕೂತು ನಿರ್ಧರಿಸಲಿ. ಗುತ್ತಿಗೆದಾರನ ಲೈಸೆನ್ಸ್ ನಂಬರನ್ನು ರಾಜ್ಯದ ಜಾಲತಾಣದಲ್ಲಿ ಹಾಕಿ ನೋಡದೆ ಮುಂಗಡ ಕೊಡುವುದು ಬೇಡ.

— ಸಂಪಾದಕ